ಬಚ್ಚಲಿಗೆ ಹತ್ತಿಯ ಪರದೆ

ಅತ್ತೆ,

ನೀವು ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ, ಇವತ್ತು, ಬಚ್ಚಲಿನ ಪ್ಲಾಸ್ಟಿಕ್ ಪರದೆ ತೆಗೆದೆ. ಬದಲಿಗೆ ನಾರಿನ ಪರದೆಯಾದರೆ ಒಳ್ಳೆಯದೆಂದು ಹೋದ ವಾರವೇ ಪಿರಿಯಾಪಟ್ಟಣದ ಸಂತೆಯಲ್ಲಿ ಗೋಣಿ ಬಟ್ಟೆ ಕೊಂಡು, ಹೊಲಿಯುವ ಪುಟ್ಟಮಾದಮ್ಮನಿಗೆ ಕೊಟ್ಟೆ. ಅವಳು ಮೂಸಿ ನೋಡಿ ನಕ್ಕಳು.

"ಅಕ್ಕಾ, ಇದು ಒಗೆಸೊಪ್ಪು ಕಟ್ಟಿದ್ ಗೋಣಿ ಕಣ್ರೀ! ನೀರ್ ಬಿದ್ರೆ ಮನೆಯೋರೆಲ್ಲ ಸೀನ್ತಾ ಕೂರ್ಬೇಕಾಯ್ತದೆ, ಬುಡಿ."

ತಂಬಾಕಿನ ಆ ಗೋಣಿ ಬಿಟ್ಟು, ಕೊನೆಗೆ ದಪ್ಪ ಹತ್ತಿ ಬಟ್ಟೆಯಲ್ಲಿ ಹೊಲಿದುಕೊಟ್ಟಳು. ಆಗಾಗ ಬಿಸಿಲಿಗೆ ಹಾಕಬೇಕು, ಅಷ್ಟೇ.

ಆ ಪ್ಲಾಸ್ಟಿಕ್ಕಿನ ವಾಸನೆಗೆ ಉಸಿರು ಕಟ್ಟುತ್ತದೆ ಎಂದು ನೀವು ಒಮ್ಮೆ ಹೇಳಿದ್ದಿರಿ. ಹೊಸದು, ಹೋಗುತ್ತದೆ ಎಂದಿದ್ದೆ. ಮತ್ತೆ ನೀವು ಹೇಳಲಿಲ್ಲ. ಹಿತ್ತಿಲಲ್ಲಿ ಹಳೆಯ ಸೀರೆಯನ್ನು ಮರೆಗೆ ಕಟ್ಟಿಕೊಂಡು ಸ್ನಾನ ಮಾಡತೊಡಗಿದಿರಿ. ಹಳ್ಳಿಯ ಅಭ್ಯಾಸ ಇವರನ್ನು ಬಿಡುವುದಿಲ್ಲ ಎಂದು ನೆಂಟರ ಮುಂದೆ ನಕ್ಕೆ. ನಿಜಕ್ಕೂ ಹಾಗೆಂದುಕೊಂಡಿದ್ದೆನೇ, ಗೊತ್ತಿಲ್ಲ. ಅವತ್ತು ನೀವೂ ನಕ್ಕಿರಿ.