ಉಳಿಸಿದ ಟ್ರಾನ್ಸಿಸ್ಟರಿಗೆ ದಂಡ

ಆಮದು ಪರವಾನಗಿ ನೀಡುವ ಮಾನ್ಯ ಅಧಿಕಾರಿಗಳೇ,

ಮಧುಗಿರಿಯ ನಮ್ಮ ಮಹಿಳಾ ರೇಡಿಯೋ ತಯಾರಿಕಾ ಸಂಘದ ಟ್ರಾನ್ಸಿಸ್ಟರ್ ಕೋಟಾವನ್ನು ತಾವು ಈ ವರ್ಷ ಅರ್ಧಕ್ಕೆ ಇಳಿಸಿದ್ದೀರಿ. ಹೋದ ವರ್ಷ ನಾವು ಬಳಸಿದ್ದು ಕಡಿಮೆಯಂತೆ. ಭೇಷ್! ದೊಡ್ಡ ಕಂಪನಿಗಳು ಮುರಿದು ಬಿಸಾಕಿದ್ದನ್ನೂ ಬಳಕೆಯೆಂದು ತೋರಿಸಿ ಪೂರ್ತಿ ಕೋಟಾ ಹೊಡೆದುಕೊಂಡವು. ಜೋಪಾನ ಮಾಡಿದವರಿಗೆ ಕತ್ತರಿ. ಇದು ಯಾವ ಊರಿನ ನ್ಯಾಯ ಸ್ವಾಮಿ?

ದೇಶದ ಕಾರ್ಖಾನೆ ಬೆಳೆಯಲೆಂದು ಆಮದಿಗೆ ತಡೆ ಹಾಕಿದ್ದೀರಿ, ಒಪ್ಪಿದೆ. ಆದರೆ ಆ ಕಾರ್ಖಾನೆ ನಮಗೆ ಮಾಲು ಕೊಡುವುದಿಲ್ಲ, 'ಇಲ್ಲ' ಎಂದು ಬರೆದೂ ಕೊಡುವುದಿಲ್ಲ. 'ಇಲ್ಲ' ಎಂಬ ಚೀಟಿಯಿಲ್ಲದೆ ಜಪಾನಿನ ಮಾಲನ್ನು ತಾವು ಮದ್ರಾಸಿನ ಬಂದರು ದಾಟಲು ಬಿಡುವುದಿಲ್ಲ. ಹೆಸರುಕಾಳಿನಷ್ಟು ವಸ್ತುವಿಗೆ ನಾವು ಇನ್ನು ಯಾರ ಬಾಗಿಲು ತಟ್ಟಬೇಕು?

ಇನ್ನು ನನ್ನ ಪಾಪದ ವಿಷಯ. ಕೆಂಪಕ್ಕ ಕಳ್ಳಂಬೆಳ್ಳದ ಕಡೆಯ ಕುರಿ ಕಾಯುವ ಮನೆಯಾಕೆ. "ಬಾರಮ್ಮ, ನೆರಳಲ್ಲಿ ಕೂತು ಮಾಡೋ ಕೆಲಸ" ಎಂದು ಸಂಘದ ಷೆಡ್ಡಿಗೆ ಕರೆತಂದವನು ನಾನೇ. ತನ್ನ ಪಾಲಿನ ಕುರಿಗಳನ್ನು ಮೈದುನ ಯತ್ತಪ್ಪನಿಗೆ ಬಿಟ್ಟುಕೊಟ್ಟು ಬಂದಳು. ಮಂದೆಗೆ ಸೇರಿದ ಪಾಲು ಮತ್ತೆ ಕೈಗೆ ಬರುವುದುಂಟೇ? ಕೆಟ್ಟ ರೇಡಿಯೋ ಸಿಕ್ಕರೆ ಈಕೆ ಕುರಿಯ ತುಪ್ಪಟದಿಂದ ಮುಳ್ಳು ಬಿಡಿಸಿದ ಹಾಗೆ ಒಂದೊಂದೇ ಟ್ರಾನ್ಸಿಸ್ಟರ್ ಬಿಡಿಸಿ ಇನ್ನೊಂದಕ್ಕೆ ಕೂರಿಸುತ್ತಿದ್ದಳು. ಉಳಿತಾಯ ಕಂಡು ನಾನು ಉಬ್ಬಿಹೋದೆ. 'ಒಂದೂ ಹಾಳಾಗಿಲ್ಲ' ಎಂದು ಅರ್ಜಿಯಲ್ಲಿ ಜಂಬ ಕೊಚ್ಚಿದೆ. ಅದನ್ನೇ ಹಿಡಿದು ತಾವು ಕೋಟಾ ಕತ್ತರಿಸಿದಿರಿ. ಹೀಗೇ ಆದರೆ ಯುಗಾದಿಗೆ ಷೆಡ್ಡು ಮುಚ್ಚಬೇಕು. ಆಮೇಲೆ ಆಕೆಗೆ ಅತ್ತ ಕುರಿಯೂ ಇಲ್ಲ, ಇತ್ತ ಕೂಲಿಯೂ ಇಲ್ಲ. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ!

ತಮ್ಮ ಆದೇಶವನ್ನು ಓದಿ ಹೇಳಿದೆ. ಕೆಂಪಕ್ಕ ಕೇಳಿದಳು: "ಅಂಗಾರೆ ಉಳ್ಸಿದ್ದೇ ತಪ್ಪಾ ಅಯ್ನೋರೇ?"

ನಾನು ಆದೇಶವನ್ನು ಮಡಚಿ ಜೇಬಿಗಿಟ್ಟೆ.

"ಇನ್ಮ್ಯಾಕೆ ಸುಟ್ಬುಡ್ತೀನಿ ಬುಡಿ. ಸುಟ್ರೆ ಕೊಡ್ತಾರಲ್ವಾ?" ಎಂದವಳೇ ಬೆಸುಗೆ ಕಡ್ಡಿ ಕಾಯಿಸಿ, ಚೆನ್ನಾಗಿದ್ದ ಒಂದು ಟ್ರಾನ್ಸಿಸ್ಟರಿಗೆ ಹೊಗೆ ಬರುವ ತನಕ ಒತ್ತಿ ಹಿಡಿದಳು. ತಡೆಯಬೇಕಾದ ನಾನು ಪಕ್ಕದಲ್ಲೇ ನಿಂತು, ಬಳಕೆ ಒಂದು ಹೆಚ್ಚಾಯಿತು ಎಂದುಕೊಂಡೆ. ನಾಚಿಕೆಗೇಡು.

ಆದ್ದರಿಂದ ನಮ್ಮ ಪೂರ್ತಿ ಕೋಟಾವನ್ನು ಯುಗಾದಿಯ ಒಳಗೆ ಮರಳಿಸಬೇಕು, ಉಳಿಸಿದವರ ಪಾಲು ಕತ್ತರಿಸುವ ನಿಯಮವನ್ನು ತೆಗೆದುಹಾಕಬೇಕು. ಅವಳಿಗೆ "ಸುಡಬೇಡ ತಾಯಿ" ಎನ್ನುವ ಯೋಗ್ಯತೆಯಾದರೂ ನನಗೆ ಉಳಿಯಲಿ.

ಇಂತಿ,
ಕೆಂಪಕ್ಕನ ಮುಖ ನೋಡಲಾರದ ಸಂಘದ ಕಾರ್ಯದರ್ಶಿ,
ನಾಗಲಿಂಗಯ್ಯ
ಮಧುಗಿರಿ, 1981