ಮೂರನೆಯ ಡಬ್ಬಿ

ಅಣ್ಣಾ,

ಮಕ್ಕಳ ಊಟದ ಡಬ್ಬಿ ಇವತ್ತು ನೀನೇ ತುಂಬಿಸಬೇಕು. ಮೊಟ್ಟೆ ಬೇಯಿಸಿಟ್ಟಿದ್ದೇನೆ. ದೊಡ್ಡವಳಿಗೆ ಸೌತೆಕಾಯಿ ಬೇರೆಯಾಗಿ ಇಡು. ಬ್ರೆಡ್ ಒದ್ದೆಯಾದರೆ ಹಾಗೇ ವಾಪಸ್ ತರುತ್ತಾಳೆ. ಗಡಿಯಾರ ನಂಬಬೇಡ. ರೇಡಿಯೋದಲ್ಲಿ ಊರಿನ ಒಳ್ಳೆಯ ಸುದ್ದಿಯ ಕಾರ್ಯಕ್ರಮ ಶುರುವಾದಾಗ ಮುಚ್ಚಳ ಹಾಕು, ಮುಗಿಯುವಷ್ಟರಲ್ಲಿ ಇಬ್ಬರೂ ಹೊಸಿಲು ದಾಟಿರಬೇಕು.

ಶಾಲೆ ಬಿಟ್ಟವರಿಗೆ ಮತ್ತೆ ಹತ್ತನೇ ತರಗತಿ ಶುರು ಮಾಡುತ್ತಾರೆಂದು ಹೋದ ವಾರ ಅದರಲ್ಲೇ ಹೇಳಿದರು. "ಈ ವಯಸ್ಸಲ್ಲಿ ಯಾರಪ್ಪಾ ಹೋಗ್ತಾರೆ?" ಅಂತ ನೀನು ನಕ್ಕೆ. ನಾನು ಡಬ್ಬಿ ಒರೆಸುತ್ತಿದ್ದೆ. ಮರುದಿನವೇ ಹೋಗಿ ಹೆಸರು ಬರೆಸಿ ಬಂದೆ. ತರಗತಿ ಇವತ್ತಿನಿಂದ.

ಕಪಾಟಿನಲ್ಲಿ ಮೂರನೆಯ ಡಬ್ಬಿ ಹುಡುಕಬೇಡ, ಅದು ನನ್ನ ಚೀಲದಲ್ಲಿದೆ. ಮಕ್ಕಳಿಗೆ ನೀನೇ ಹೇಳು. ನನಗೆ ನಾಚಿಕೆ.

ತಂಗಿ