ಬೆವರಿದ ಪೈಪು

ಮಾರ್ಚ್ ೧೯, ಮಂಗಳವಾರ

ಅಪ್ಪನ ಕೈ ಕಣ್ಣ ಮುಂದಿನಿಂದ ಸರಿಯುತ್ತಲೇ ಇಲ್ಲ.

ಟೀಚರಮ್ಮನ ಕಾರಿನ ಏಸಿ ಬಿಸಿಗಾಳಿ ಉಗುಳುತ್ತಿತ್ತು. ಪೈಪಿನ ಜೋಡಣೆಯಲ್ಲಿ ರಬ್ಬರ್ ಬಿರಿದು ಗ್ಯಾಸ್ ಸೋರಿಹೋಗಿತ್ತು. ರಬ್ಬರ್ ಬದಲಿಸಿ ಗ್ಯಾಸ್ ತುಂಬಿಸಿದೆ. ಮೀಟರು ಸರಿಯಾಗೇ ತೋರಿಸಿತು. ಆದರೆ ಅಪ್ಪ ಮುಟ್ಟಿ ನೋಡದೆ ನಮ್ಮ ಗ್ಯಾರೇಜಿನಿಂದ ಯಾವ ಗಾಡಿಯೂ ಹೊರಡುವುದಿಲ್ಲ. "ಮೀಟರ್ ಸುಳ್ಳು ಹೇಳಬಹುದು, ಕೈ ಹೇಳಲ್ಲ" ಎಂದೇ ನನಗೆ ಈ ಕೆಲಸ ಕಲಿಸಿದವರು.

ಪೈಪನ್ನು ಮುಷ್ಟಿಯಲ್ಲಿ ಹಿಡಿದು ನಿಂತರು. "ಇನ್ನೂ ತಣ್ಣಗಾಗಿಲ್ಲ ಕಣೇ. ಏನೋ ಬಿಟ್ಟಿದ್ದೀಯ."

ನಾನೂ ಮುಟ್ಟಿದೆ. ಮಂಜಿನಂತೆ ಕೊರೆಯುತ್ತಿತ್ತು, ಥಟ್ಟನೆ ಕೈ ತೆಗೆದೆ. ಪೈಪು ಬೆವರಿ, ನೀರು ಅಪ್ಪನ ಬೆರಳ ಸಂದಿಯಿಂದ ಮಣಿಕಟ್ಟಿಗೆ ಇಳಿಯುತ್ತಿತ್ತು. ಬೆವರಿದರೆ ತಣ್ಣಗಾಗಿದೆ ಎಂದರ್ಥ. ಅದನ್ನು ಹೇಳಿಕೊಟ್ಟವರೂ ಅವರೇ.

ಒಂದು ತಿಂಗಳಿಂದ ಅಪ್ಪ, ಕುದಿಯುವ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದಾರೆ. ಮೆಕ್ಯಾನಿಕ್ಕಿನ ಕೈ ಕಬ್ಬಿಣ ಎಂದು ಅಮ್ಮನೂ ನಾನೂ ನಗುತ್ತಿದ್ದೆವು.

"ಹೌದಪ್ಪ, ಸ್ವಲ್ಪ ಕಮ್ಮಿ ಇದೆ, ನೋಡ್ತೀನಿ" ಅಂದೆ.

ಅಷ್ಟರಲ್ಲಿ ಅವರೂ ಆ ನೀರನ್ನು ನೋಡಿಬಿಟ್ಟಿದ್ದರು. ಬಟ್ಟೆಗೆ ಕೈ ಒರೆಸಿಕೊಂಡರು. "ನೀನೂ ಸುಳ್ಳು ಹೇಳಬೇಡ. ಇನ್ಮೇಲೆ ಮೀಟರೇ ನೋಡ್ಕೋ."

ನಾಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಹೇಗೆ ಹೇಳಲಿ? ಸಂಜೆ ಗ್ಯಾರೇಜಿನ ಬಾಗಿಲು ಎಳೆಯುವವರೆಗೂ ಅಪ್ಪ ಆ ಕೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ, ಅದೇನೋ ಕದ್ದ ವಸ್ತು ಎಂಬಂತೆ…